ನೀರಿಗೆ ಬಿದ್ದ ಆಕ್ಸೈಡ್: ಆಮ್ಲವೋ ಕ್ಷಾರವೋ ಎಂದು ಪರೀಕ್ಷಿಸಿ ತಿಳಿಯುವ ಕ್ರಮ

ಲೋಹದ ಆಕ್ಸೈಡ್ ನೀರಿನೊಡನೆ ಕ್ಷಾರವಾಗುತ್ತದೆ, ಅಲೋಹದ ಆಕ್ಸೈಡ್ ಆಮ್ಲವಾಗುತ್ತದೆ ಎಂಬ ನಿಯಮವನ್ನು ವಿಜ್ಞಾನ ಓದಿದವರೆಲ್ಲ ಒಂದು ಕಾಲಕ್ಕೆ ಬಾಯಿಪಾಠ ಮಾಡಿರುತ್ತಾರೆ. ಅದನ್ನೇ ನಂಬಿ ತಾಮ್ರದ ಕಪ್ಪು ಆಕ್ಸೈಡನ್ನು ನೀರಿಗೆ ಹಾಕಿ ಕೆಂಪು ಲಿಟ್ಮಸ್ ಅದ್ದಿದರೆ ಕಾಗದ ಕೆಂಪಾಗಿಯೇ ಉಳಿಯುತ್ತದೆ. ಶುದ್ಧ ಮರಳನ್ನು ಹಾಕಿ ನೀಲಿ ಲಿಟ್ಮಸ್ ಅದ್ದಿದರೂ ಫಲ ಅದೇ. ಇಲ್ಲಿ ನಿಯಮ ಸುಳ್ಳಾಗಿಲ್ಲ. ಎರಡು ಬೇರೆ ಬೇರೆ ಪ್ರಶ್ನೆಗಳನ್ನು ಅದು ಒಂದೇ ವಾಕ್ಯದಲ್ಲಿ ಕಟ್ಟಿಹಾಕಿದೆ. ಆಕ್ಸೈಡಿನ ಗುಣ ಯಾವುದು ಎಂಬುದು ಒಂದು ಪ್ರಶ್ನೆ. ಆ ಗುಣ ನೀರಿನಲ್ಲಿ ಪ್ರಕಟವಾಗುವಷ್ಟು ಆಕ್ಸೈಡ್ ಕರಗುತ್ತದೆಯೇ ಎಂಬುದು ಇನ್ನೊಂದು. ಈ ಎರಡನ್ನೂ ಬೇರ್ಪಡಿಸಿಟ್ಟುಕೊಂಡು ಕೆಲಸ ಮಾಡುವ ಕ್ರಮವನ್ನು ಮುಂದೆ ಹಂತಹಂತವಾಗಿ ವಿವರಿಸಿದ್ದೇನೆ.

ಮೊದಲು ಕಾರಣ, ಆಮೇಲೆ ಪ್ರಯೋಗ

ಆಕ್ಸೈಡ್ ನೀರಿನೊಡನೆ ಕೂಡಿದಾಗ ಮೂಲಧಾತುವಿನ ಪರಮಾಣು, ಅದಕ್ಕಂಟಿದ ಆಕ್ಸಿಜನ್, ಆ ಆಕ್ಸಿಜನ್ನಿಗೆ ಅಂಟಿದ ಹೈಡ್ರೋಜನ್ ಎಂಬ ಮೂರು ಕೊಂಡಿಗಳ ಸರಪಳಿಯೊಂದು ಉಂಟಾಗುತ್ತದೆ ಎಂದು ಭಾವಿಸಿಕೊಳ್ಳಿ. ಈ ಸರಪಳಿ ಎಲ್ಲಿ ತುಂಡಾಗುತ್ತದೆ ಎಂಬುದರ ಮೇಲೆ ಎಲ್ಲವೂ ನಿಂತಿದೆ. ಸೋಡಿಯಂನಂಥ ಲೋಹಕ್ಕೆ ಎಲೆಕ್ಟ್ರಾನುಗಳನ್ನು ತನ್ನತ್ತ ಸೆಳೆದುಕೊಳ್ಳುವ ಶಕ್ತಿ ತೀರ ಕಡಿಮೆ. ಆದ್ದರಿಂದ ಲೋಹ ಮತ್ತು ಆಕ್ಸಿಜನ್ನಿನ ನಡುವೆ ಸರಪಳಿ ಕಡಿದು, ಹೈಡ್ರಾಕ್ಸೈಡ್ ಅಯಾನು ಬಿಡುಗಡೆಯಾಗಿ, ದ್ರಾವಣ ಕ್ಷಾರೀಯವಾಗುತ್ತದೆ. ಗಂಧಕ, ರಂಜಕ, ಕ್ಲೋರಿನ್‌ನಂಥ ಅಲೋಹಗಳು ಎಲೆಕ್ಟ್ರಾನುಗಳನ್ನು ಬಲವಾಗಿ ಎಳೆದುಕೊಳ್ಳುವುದರಿಂದ ಆಚೆ ತುದಿಯ ಆಕ್ಸಿಜನ್–ಹೈಡ್ರೋಜನ್ ಬಂಧ ಸಡಿಲಗೊಂಡು, ಹೈಡ್ರೋಜನ್ ಅಯಾನು ಕಳಚಿ, ದ್ರಾವಣ ಆಮ್ಲೀಯವಾಗುತ್ತದೆ. ಎಳೆತ ನಡುಮಧ್ಯದಲ್ಲಿದ್ದರೆ ಸರಪಳಿ ಎರಡೂ ಕಡೆ ತುಂಡಾಗಬಲ್ಲದು. ಅಲ್ಯೂಮಿನಿಯಂ ಮತ್ತು ಸತುವಿನ ಆಕ್ಸೈಡುಗಳು ಉಭಯಧರ್ಮಿಗಳಾಗಿರುವುದು, ಅಂದರೆ ಆಮ್ಲದೊಡನೆಯೂ ಕ್ಷಾರದೊಡನೆಯೂ ವರ್ತಿಸುವುದು, ಹೀಗೆ.

ಆಮ್ಲತೆಗೆ ಆಕ್ಸಿಜನ್ನೇ ಕಾರಣವೆಂದು ಒಂದು ಕಾಲದಲ್ಲಿ ನಂಬಿದ್ದರು ಎಂಬುದನ್ನು ಇಲ್ಲಿ ನೆನೆಯಬಹುದು. ಫ್ರೆಂಚ್ ರಸಾಯನತಜ್ಞ ಲವಾಸಿಯೆ ಆ ಅನಿಲಕ್ಕೆ ಗ್ರೀಕ್ ಮೂಲದಿಂದ ಕಟ್ಟಿದ ಹೆಸರಿನ ಅರ್ಥವೇ ಆಮ್ಲಜನಕ. ಕನ್ನಡದಲ್ಲಿಯೂ ಆ ಹೆಸರು ಹಾಗೆಯೇ ಉಳಿದಿದೆ. ಆದರೆ 1807ರಲ್ಲಿ ಹಂಫ್ರಿ ಡೇವಿ ವಿದ್ಯುತ್ತಿನ ನೆರವಿನಿಂದ ಪೊಟ್ಯಾಷ್ ಮತ್ತು ಸೋಡಾಗಳನ್ನು ಒಡೆದು ಪೊಟ್ಯಾಸಿಯಂ, ಸೋಡಿಯಂ ಲೋಹಗಳನ್ನು ಪಡೆದಾಗ, ಕಡುಕ್ಷಾರಗಳಲ್ಲಿಯೂ ಅದೇ ಆಕ್ಸಿಜನ್ ಇರುವುದು ಗೊತ್ತಾಯಿತು. ಆಕ್ಸಿಜನ್ ಎರಡೂ ಕಡೆ ಸಮಾನವಾಗಿ ಇರುವುದರಿಂದ, ಗುಣವನ್ನು ನಿರ್ಧರಿಸುವುದು ಅದರ ಜೊತೆಗಾರನೇ.

ಒಂದನೆಯ ಹಂತ: ನೀರನ್ನೇ ಪರೀಕ್ಷಿಸುವುದು

ಹೆಚ್ಚಿನವರು ಎಡವುವುದು ಇಲ್ಲಿಯೇ. ನಲ್ಲಿಯ ನೀರಿನಲ್ಲಿ ಕರಗಿದ ಬೈಕಾರ್ಬೊನೇಟುಗಳಿರುವುದರಿಂದ ಅದು ಸಾಮಾನ್ಯವಾಗಿ ತುಸು ಕ್ಷಾರೀಯವಾಗಿರುತ್ತದೆ. ಬಟ್ಟಿ ಇಳಿಸಿದ ನೀರು ತಟಸ್ಥವಾಗಿರಬೇಕೆಂದು ನಾವು ಎಣಿಸಿದರೂ, ತೆರೆದಿಟ್ಟರೆ ಅದು ಗಾಳಿಯ ಕಾರ್ಬನ್ ಡೈಆಕ್ಸೈಡನ್ನು ಹೀರಿಕೊಂಡು ಅದರ ಪಿಎಚ್ (ಆಮ್ಲ–ಕ್ಷಾರಗಳ ಅಳತೆ: 7 ತಟಸ್ಥ, ಅದಕ್ಕಿಂತ ಕಡಿಮೆ ಆಮ್ಲ, ಹೆಚ್ಚು ಕ್ಷಾರ) ಸುಮಾರು 5.6ಕ್ಕೆ ಇಳಿಯುತ್ತದೆ, ಅಂದರೆ ಪರೀಕ್ಷೆಗೆ ಮುನ್ನವೇ ನೀರಿನಲ್ಲಿ ಅಲೋಹದ ಆಕ್ಸೈಡೊಂದು ಸೇರಿಕೊಂಡಿರುತ್ತದೆ. ಆದ್ದರಿಂದ ಬಟ್ಟಿ ಇಳಿಸಿದ ನೀರನ್ನು ಕೆಲವು ನಿಮಿಷ ಕುದಿಸಿ, ಮುಚ್ಚಿ ಆರಿಸಿ ಬಳಸಬೇಕು. ಪ್ರತಿ ಪರೀಕ್ಷೆಯ ಪಕ್ಕದಲ್ಲಿ ಬರಿಯ ನೀರು ಮತ್ತು ಸೂಚಕವಿರುವ ಒಂದು ಪ್ರನಾಳವನ್ನು ಇಟ್ಟುಕೊಂಡು, ಬಣ್ಣವನ್ನು ಅದರೊಂದಿಗೇ ಹೋಲಿಸಿ ನೋಡಬೇಕು.

ಸೂಚಕಗಳಲ್ಲಿ ಕೆಂಪು ಮತ್ತು ನೀಲಿ ಲಿಟ್ಮಸ್ ಕಾಗದಗಳು ಕನಿಷ್ಠ ಅಗತ್ಯ. ಸಾರ್ವತ್ರಿಕ ಸೂಚಕ ಸಿಕ್ಕರೆ ಪ್ರಬಲ ಮತ್ತು ದುರ್ಬಲಗಳ ಅಂತರವೂ ಕಾಣುತ್ತದೆ. ಫಿನಾಫ್ತಲೀನ್ ಸುಮಾರು 8.2ರಿಂದ 10ರ ನಡುವೆ ಗುಲಾಬಿಯಾಗುವುದರಿಂದ ಕ್ಷಾರ ಗುರುತಿಸಲು ಚೆನ್ನಾಗಿದ್ದರೂ, ಆಮ್ಲಕ್ಕೂ ಬರಿಯ ನೀರಿಗೂ ಅದು ಒಂದೇ ರೀತಿ ಬಣ್ಣವಿಲ್ಲದೆ ಉಳಿಯುತ್ತದೆ. ಅರಿಶಿನದ ಕಾಗದಕ್ಕೂ ಇದೇ ಮಿತಿ: ಕ್ಷಾರದಲ್ಲಿ ಕೆಂಗಂದಾಗುತ್ತದೆ, ಆಮ್ಲದಲ್ಲಿ ಹಳದಿಯಾಗಿಯೇ ಇರುತ್ತದೆ.

ಕಣ್ಣಿಗೆ ರಕ್ಷಣಾ ಕನ್ನಡಕ, ಕೈಗೆ ಗವಸು ಕಡ್ಡಾಯ. ಗಂಧಕವನ್ನು ಉರಿಸುವ ಕೆಲಸವನ್ನು ಧೂಮಕಪಾಟಿನಲ್ಲಿ ಮಾತ್ರ ಮಾಡಬೇಕು. ಉಬ್ಬಸವಿರುವವರು ಹತ್ತಿರ ಇರಬಾರದು.

ಎರಡನೆಯ ಹಂತ: ಮೆಗ್ನೀಸಿಯಂ

ಸುಮಾರು ಐದು ಸೆಂಟಿಮೀಟರ್ ಉದ್ದದ ಮೆಗ್ನೀಸಿಯಂ ಪಟ್ಟಿಯನ್ನು ಮರಳುಕಾಗದದಿಂದ ಉಜ್ಜಿ, ಇಕ್ಕಳದಲ್ಲಿ ಹಿಡಿದು ಹೊತ್ತಿಸಿ. ಕಣ್ಣು ಕೋರೈಸುವ ಆ ಬೆಳಕನ್ನು ನೇರವಾಗಿ ನೋಡಬೇಡಿ. ಉದುರಿದ ಬಿಳಿಯ ಬೂದಿಯನ್ನು ಪ್ರನಾಳಕ್ಕೆ ಹಾಕಿ, ಸ್ವಲ್ಪ ನೀರು ಬೆರೆಸಿ, ಬೆಚ್ಚಗೆ ಮಾಡಿ ಅಲುಗಾಡಿಸಿ. ಬೂದಿಯ ಬಹುಭಾಗ ತಳದಲ್ಲಿಯೇ ಕೂರುತ್ತದೆ. ಆದರೂ ಕೆಂಪು ಲಿಟ್ಮಸ್ ನಿಧಾನವಾಗಿ ನೀಲಿಗೆ ತಿರುಗುತ್ತದೆ, ಫಿನಾಫ್ತಲೀನ್ ಗುಲಾಬಿಯಾಗುತ್ತದೆ. ಇಲ್ಲಿ ಉಂಟಾಗುವ ಮೆಗ್ನೀಸಿಯಂ ಹೈಡ್ರಾಕ್ಸೈಡ್ ಒಂದು ಲೀಟರ್ ನೀರಿನಲ್ಲಿ ಹತ್ತು ಮಿಲಿಗ್ರಾಂ ಆಸುಪಾಸಿನಷ್ಟು ಮಾತ್ರ ಕರಗುತ್ತದೆ, ಆದರೆ ಪಿಎಚ್ ಅನ್ನು 10ರ ಮೇಲಕ್ಕೆ ಏರಿಸಲು ಅಷ್ಟೇ ಸಾಕು. ಅರೆಬರೆ ಕರಗುವ ಆಕ್ಸೈಡಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ.

ಇದರಲ್ಲೊಂದು ಒಳಸುಳಿ ಇದೆ. ಮೆಗ್ನೀಸಿಯಂ ಗಾಳಿಯಲ್ಲಿ ಉರಿಯುವಾಗ ಆಕ್ಸಿಜನ್ನಿನೊಡನೆ ಮಾತ್ರವಲ್ಲದೆ ಸ್ವಲ್ಪ ಮಟ್ಟಿಗೆ ನೈಟ್ರೋಜನ್ನಿನೊಡನೆಯೂ ಕೂಡಿ ಮೆಗ್ನೀಸಿಯಂ ನೈಟ್ರೈಡ್ ಆಗುತ್ತದೆ. ಅದು ನೀರಿಗೆ ಬಿದ್ದರೆ ಅಮೋನಿಯ ಹೊರಡುತ್ತದೆ, ಅಮೋನಿಯವೂ ಲಿಟ್ಮಸನ್ನು ನೀಲಿ ಮಾಡುತ್ತದೆ. ನಾವು ಕಂಡ ನೀಲಿ ಆಕ್ಸೈಡಿನದೇ ಎಂದು ಖಚಿತವಾಗಬೇಕಿದ್ದರೆ ಬೂದಿಯ ನೀರನ್ನು ಕುದಿಸಿ ಅಮೋನಿಯವನ್ನು ಓಡಿಸಿ, ಆರಿಸಿ, ಮತ್ತೊಮ್ಮೆ ಪರೀಕ್ಷಿಸಬೇಕು. ಈ ಚಿಕ್ಕ ಎಚ್ಚರಿಕೆಯನ್ನು ಪಠ್ಯಗಳು ಬಹುಮಟ್ಟಿಗೆ ಬಿಟ್ಟುಬಿಡುತ್ತವೆ.

ಸೋಡಿಯಂ ಬಗ್ಗೆಯೂ ಅಂಥದೇ ಒಂದು ಮಾತು ಹೇಳಬೇಕು. ಸೋಡಿಯಂ ಉರಿದರೆ ಸೋಡಿಯಂ ಆಕ್ಸೈಡ್ ಬರುತ್ತದೆಂದು ಬರೆಯುವುದು ರೂಢಿಯಾದರೂ, ಧಾರಾಳವಾದ ಗಾಳಿಯಲ್ಲಿ ಮುಖ್ಯವಾಗಿ ಸಿಗುವುದು ಸೋಡಿಯಂ ಪೆರಾಕ್ಸೈಡ್. ಪೊಟ್ಯಾಸಿಯಂ ಇನ್ನೂ ಮುಂದೆ ಹೋಗಿ ಸೂಪರ್ ಆಕ್ಸೈಡ್ ಕೊಡುತ್ತದೆ. ಇವು ನೀರಿನಲ್ಲಿ ಕ್ಷಾರದ ಜೊತೆಗೆ ಹೈಡ್ರೋಜನ್ ಪೆರಾಕ್ಸೈಡನ್ನೋ ಆಕ್ಸಿಜನ್ ಅನಿಲವನ್ನೋ ಬಿಡುತ್ತವೆ. ಶುದ್ಧ ಸೋಡಿಯಂ ಆಕ್ಸೈಡಾದರೆ ಅನಿಲವೇನೂ ಇಲ್ಲದೆ ಸೋಡಿಯಂ ಹೈಡ್ರಾಕ್ಸೈಡ್ ಮಾತ್ರ ಆಗುತ್ತದೆ: 62 ಗ್ರಾಂ ಆಕ್ಸೈಡಿಗೆ 80 ಗ್ರಾಂ ಹೈಡ್ರಾಕ್ಸೈಡ್. ಅದರ ನೂರನೆಯ ಒಂದು ಭಾಗವನ್ನು, ಅಂದರೆ 0.62 ಗ್ರಾಂ ಆಕ್ಸೈಡನ್ನು, ಒಂದು ಲೀಟರ್ ದ್ರಾವಣವಾಗಿಸಿದರೆ ಹೈಡ್ರಾಕ್ಸೈಡಿನ ಸಾರತೆ ಲೀಟರಿಗೆ 0.02 ಮೋಲ್ ಆಗಿ ಪಿಎಚ್ 12.3ರಷ್ಟಾಗುತ್ತದೆ. ಇದನ್ನು ಲೆಕ್ಕದಲ್ಲಿ ಮಾಡಿ ನೋಡುವುದೇ ಒಳಿತು. ಕೈಯಲ್ಲಿ ಮಾಡುವ ಪ್ರಯೋಗವಲ್ಲ.

ಮೂರನೆಯ ಹಂತ: ಸುಟ್ಟ ಸುಣ್ಣ

ಕಡಲೆಕಾಳಿನಷ್ಟು ಸುಟ್ಟ ಸುಣ್ಣವನ್ನು, ಅಂದರೆ ಕ್ಯಾಲ್ಸಿಯಂ ಆಕ್ಸೈಡನ್ನು, ಪಿಂಗಾಣಿ ಬಟ್ಟಲಿನಲ್ಲಿಟ್ಟು ಹನಿಹನಿಯಾಗಿ ನೀರು ಬಿಡಿ. ಮೊದಲಿಗೆ ಹರಳು ನೀರನ್ನು ಸುಮ್ಮನೆ ಕುಡಿಯುತ್ತದೆ. ಸ್ವಲ್ಪ ಹೊತ್ತಿನಲ್ಲಿ ಬಿಸಿಯೇರಿ, ಹಬೆಯೆದ್ದು, ಬಿರುಕುಬಿಟ್ಟು, ಉಬ್ಬಿ ಹಿಟ್ಟಾಗುತ್ತದೆ. ಸುಣ್ಣ ಅರಳುವುದು ಎನ್ನುವ ಮಾತು ಈ ಕ್ರಿಯೆಗೆ ಎಷ್ಟು ಚೆನ್ನಾಗಿ ಹೊಂದುತ್ತದೆ ಎಂಬುದು ಕಣ್ಣಾರೆ ಕಂಡವರಿಗೆ ಗೊತ್ತು. 56 ಗ್ರಾಂ ಸುಟ್ಟ ಸುಣ್ಣ ಅರಳಿದರೆ ಹೊಮ್ಮುವ ಉಷ್ಣ ಸುಮಾರು 65 ಕಿಲೋಜೌಲ್. ಸೋರಿಹೋಗುವ ಉಷ್ಣವನ್ನು ಲೆಕ್ಕಕ್ಕೆ ಹಿಡಿಯದಿದ್ದರೆ, 20 ಡಿಗ್ರಿ ಸೆಲ್ಸಿಯಸ್‌ನಲ್ಲಿರುವ 190 ಗ್ರಾಂನಷ್ಟು ನೀರನ್ನು ಕುದಿಬಿಂದುವಿಗೆ ಏರಿಸಲು ಅಷ್ಟು ಸಾಕಾಗುತ್ತದೆ. ಮುಚ್ಚಿದ ಪಾತ್ರೆಯಲ್ಲಿ ಈ ಪ್ರಯೋಗ ಮಾಡಬಾರದೆಂಬ ಎಚ್ಚರಿಕೆಗೆ ಬೇರೆ ಕಾರಣ ಹೇಳಬೇಕಾಗಿಲ್ಲ.

ಅರಳಿದ ಸುಣ್ಣವನ್ನು ಹೆಚ್ಚು ನೀರಿನಲ್ಲಿ ಕಲಕಿ, ಕೂರಲು ಬಿಟ್ಟು, ಸೋಸಿದರೆ ಸುಣ್ಣದ ತಿಳಿನೀರು ದೊರೆಯುತ್ತದೆ. ಲೀಟರಿಗೆ 1.7 ಗ್ರಾಂನಷ್ಟು ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಕರಗಿರುವ ಈ ದ್ರಾವಣದ ಪಿಎಚ್ ಸುಮಾರು 12.4. ಬೇಗ ಕರಗಲೆಂದು ಇದನ್ನು ಕಾಯಿಸಬೇಡಿ, ಏಕೆಂದರೆ ಬಹುಪಾಲು ಲವಣಗಳಿಗೆ ವಿರುದ್ಧವಾಗಿ ಈ ಹೈಡ್ರಾಕ್ಸೈಡ್ ಬಿಸಿನೀರಿಗಿಂತ ತಣ್ಣೀರಿನಲ್ಲಿಯೇ ಹೆಚ್ಚು ಕರಗುತ್ತದೆ.

ನೀರು ಬಿಟ್ಟರೂ ಬಿಸಿಯೇರದಿದ್ದರೆ ದೋಷ ನಿಮ್ಮದಲ್ಲ, ಸುಣ್ಣದ್ದು. ತೆರೆದಿಟ್ಟ ಸುಟ್ಟ ಸುಣ್ಣ ಗಾಳಿಯ ತೇವವನ್ನೂ ಕಾರ್ಬನ್ ಡೈಆಕ್ಸೈಡನ್ನೂ ಹೀರುತ್ತ ಹಳಸಿಹೋಗುತ್ತದೆ. ಬಿಸಿಯೇರದೆ ಲಿಟ್ಮಸ್ ಮಾತ್ರ ನೀಲಿಯಾದರೆ ಅದು ಈಗಾಗಲೇ ಹೈಡ್ರಾಕ್ಸೈಡ್ ಆಗಿದೆ ಎಂದು ತಿಳಿಯಬೇಕು; ಸಾರರಿಕ್ತ (ನೀರು ಬೆರೆಸಿ ತೆಳುವಾಗಿಸಿದ) ಹೈಡ್ರೋಕ್ಲೋರಿಕ್ ಆಮ್ಲ ಬಿಟ್ಟಾಗ ನೊರೆ ಬಂದರೆ ಒಂದಷ್ಟು ಭಾಗ ಕಾರ್ಬೊನೇಟ್ ಆಗಿ ಮರಳಿದೆ.

ನಾಲ್ಕನೆಯ ಹಂತ: ಅಲೋಹಗಳ ಕಡೆಗೆ

ಅನಿಲ ಜಾಡಿಯ ತಳದಲ್ಲಿ ಬೆರಳಗಲ ನೀರು ಹಾಕಿ. ದಹನ ಚಮಚದಲ್ಲಿ ಚಿಟಿಕೆಯಷ್ಟು ಗಂಧಕವನ್ನು ಹೊತ್ತಿಸಿ, ನೀಲಿಯಾಗಿ ಉರಿಯುತ್ತಿರುವಾಗಲೇ ಜಾಡಿಯೊಳಗೆ ಇಳಿಸಿ, ಆರಿದ ಮೇಲೆ ಚಮಚವನ್ನು ತೆಗೆದು, ಮುಚ್ಚಳವಿಟ್ಟು ಕುಲುಕಿ. ನೀಲಿ ಲಿಟ್ಮಸ್ ತಡವಿಲ್ಲದೆ ಕೆಂಪಾಗುತ್ತದೆ. ಸಲ್ಫರ್ ಡೈಆಕ್ಸೈಡಿಗೆ ಬಣ್ಣ ಕಳೆಯುವ ಗುಣವೂ ಇರುವುದರಿಂದ ಹೆಚ್ಚು ಹೊತ್ತು ಬಿಟ್ಟ ಕಾಗದ ಬಿಳಿಚಿಕೊಂಡರೆ ಗಾಬರಿಯಾಗಬೇಕಿಲ್ಲ. ಮೊದಲ ಕ್ಷಣದ ಬಣ್ಣವೇ ಉತ್ತರ.

ಗಂಧಕ ಉರಿದಾಗ ಸಲ್ಫ್ಯೂರಿಕ್ ಆಮ್ಲ ಸಿಗುತ್ತದೆ ಎಂದು ಬರೆಯುವುದು ಬಹಳ ಕಡೆ ಕಾಣುವ ತಪ್ಪು. ಸಿಗುವುದು ಸಲ್ಫರ್ ಡೈಆಕ್ಸೈಡ್, ಅದು ನೀರಿನೊಡನೆ ಕೊಡುವುದು ಸಲ್ಫ್ಯೂರಸ್ ಆಮ್ಲ. ಸಲ್ಫ್ಯೂರಿಕ್ ಆಮ್ಲ ಕೊಡುವುದು ಸಲ್ಫರ್ ಟ್ರೈಆಕ್ಸೈಡ್; ಅದು ಬೇಕಿದ್ದರೆ ಡೈಆಕ್ಸೈಡನ್ನು ಸುಮಾರು 450 ಡಿಗ್ರಿ ಸೆಲ್ಸಿಯಸ್‌ನಲ್ಲಿ ವೆನೇಡಿಯಂ ಪೆಂಟಾಕ್ಸೈಡ್ ಎಂಬ ಕ್ರಿಯಾವರ್ಧಕದ ಮೇಲೆ ಆಕ್ಸಿಜನ್ನಿನೊಡನೆ ಹಾಯಿಸಬೇಕು. ಹಾಗೆ ಪಡೆದ ಟ್ರೈಆಕ್ಸೈಡನ್ನು ಕಾರ್ಖಾನೆಗಳಲ್ಲಿಯೂ ನೇರವಾಗಿ ನೀರಿಗೆ ಬಿಡುವುದಿಲ್ಲ; ಕ್ರಿಯೆ ಅತಿ ರಭಸದಿಂದ ನಡೆದು, ಕೂರದೆ ತೇಲಾಡುವ ಆಮ್ಲದ ಮಂಜೇಳುವುದರಿಂದ, ಮೊದಲು ಅದನ್ನು ಸಾರೀಕೃತ ಸಲ್ಫ್ಯೂರಿಕ್ ಆಮ್ಲದಲ್ಲಿ ಹೀರಿಸಿ ಆಮೇಲೆ ನೀರು ಸೇರಿಸುತ್ತಾರೆ.

ಯಾವ ಆಕ್ಸೈಡಿನಿಂದ ಯಾವ ಆಮ್ಲ ಬರುತ್ತದೆಂದು ಕಂಡುಕೊಳ್ಳಲು ಉತ್ಕರ್ಷಣ ಸಂಖ್ಯೆ (ಬಂಧಗಳಲ್ಲಿ ಪರಮಾಣು ಎಷ್ಟು ಎಲೆಕ್ಟ್ರಾನುಗಳನ್ನು ಬಿಟ್ಟುಕೊಟ್ಟಿದೆ ಎಂಬ ಲೆಕ್ಕ) ನೋಡುವುದು ಅತ್ಯಂತ ಭರವಸೆಯ ದಾರಿ. ಬರಿಯ ನೀರು ಸೇರುವುದರಿಂದ ಆ ಸಂಖ್ಯೆ ಬದಲಾಗುವುದಿಲ್ಲ: ಡೈಆಕ್ಸೈಡಿನಲ್ಲಿ ಗಂಧಕದ್ದು +4, ಸಲ್ಫ್ಯೂರಸ್ ಆಮ್ಲದಲ್ಲಿಯೂ +4; ಟ್ರೈಆಕ್ಸೈಡಿನಲ್ಲಿ +6, ಸಲ್ಫ್ಯೂರಿಕ್ ಆಮ್ಲದಲ್ಲಿಯೂ +6. ನೈಟ್ರೋಜನ್ ಡೈಆಕ್ಸೈಡಿಗೆ ಈ ಅಳತೆಗೋಲು ಹಿಡಿದರೆ ಅದರ ವಿಚಿತ್ರ ಸ್ವಭಾವ ತಾನಾಗಿ ಹೊರಬೀಳುತ್ತದೆ. ಅದರ ನೈಟ್ರೋಜನ್ನಿಗೆ +4 ಇದೆ, ಅದಕ್ಕೆ ಸರಿಹೊಂದುವ ಆಮ್ಲವಿಲ್ಲ. ಆದ್ದರಿಂದ ಅದು ನೀರಿನಲ್ಲಿ ಇಬ್ಭಾಗವಾಗಿ, +5 ಇರುವ ನೈಟ್ರಿಕ್ ಆಮ್ಲವನ್ನೂ +3 ಇರುವ ನೈಟ್ರಸ್ ಆಮ್ಲವನ್ನೂ ಒಟ್ಟಿಗೆ ಕೊಡುತ್ತದೆ.

ಕಾರ್ಬನ್ ಡೈಆಕ್ಸೈಡಿನ ಪರೀಕ್ಷೆ ನಿರಪಾಯಕರ. ಅಮೃತಶಿಲೆಯ ಚೂರುಗಳ ಮೇಲೆ ಸಾರರಿಕ್ತ ಹೈಡ್ರೋಕ್ಲೋರಿಕ್ ಆಮ್ಲ ಬಿಟ್ಟು, ಬಂದ ಅನಿಲವನ್ನು ನೀಲಿ ಲಿಟ್ಮಸ್ ಇರುವ ನೀರಿಗೆ ಹಾಯಿಸಿ. ಆಮ್ಲದ ಸಣ್ಣ ಹನಿಗಳು ಅನಿಲದೊಡನೆ ತೂರಿಬಂದು ಫಲಿತಾಂಶ ಕೆಡಿಸಬಹುದಾದ್ದರಿಂದ ನಡುವೆ ಅಡುಗೆ ಸೋಡಾದ ದ್ರಾವಣವಿರುವ ಒಂದು ಶೀಶೆ ಇಡಬೇಕು. ಲಿಟ್ಮಸ್ ಮಂಕು ಕೆಂಪಿಗೆ ತಿರುಗುತ್ತದೆ. ಆ ನೀರನ್ನು ಕುದಿಸಿದರೆ ಅನಿಲ ಹೊರಟುಹೋಗಿ ಕೆಂಪು ಹಿಂದೆಗೆಯುತ್ತದೆ. ಕಾರ್ಬೊನಿಕ್ ಆಮ್ಲ ದುರ್ಬಲವೆಂಬ ಮಾತಿಗೆ ಇನ್ನೊಂದು ಮಗ್ಗುಲೂ ಇದೆ: ಕರಗಿದ ಅನಿಲದ ಅಣುಗಳಲ್ಲಿ ಸುಮಾರು ಆರುನೂರಕ್ಕೆ ಒಂದು ಮಾತ್ರ ನಿಜವಾಗಿ ಆಮ್ಲವಾಗಿ ಮಾರ್ಪಟ್ಟಿರುತ್ತದೆ, ಉಳಿದವು ಕಾರ್ಬನ್ ಡೈಆಕ್ಸೈಡಾಗಿಯೇ ನೀರಿನಲ್ಲಿ ಅಲೆಯುತ್ತಿರುತ್ತವೆ.

ಇದೇ ಅನಿಲವನ್ನು ಹಿಂದಿನ ಹಂತದ ತಿಳಿನೀರಿಗೆ ಹಾಯಿಸಿದರೆ ಆಮ್ಲೀಯ ಆಕ್ಸೈಡೂ ಪ್ರತ್ಯಾಮ್ಲೀಯ (ಆಮ್ಲವನ್ನು ತಟಸ್ಥಗೊಳಿಸುವ) ಆಕ್ಸೈಡಿನ ದ್ರಾವಣವೂ ಮುಖಾಮುಖಿಯಾಗುತ್ತವೆ. ತಿಳಿನೀರು ಹಾಲಿನಂತಾಗುತ್ತದೆ, ಬಿಡದೆ ಹಾಯಿಸುತ್ತ ಹೋದರೆ ಕ್ಯಾಲ್ಸಿಯಂ ಬೈಕಾರ್ಬೊನೇಟಾಗಿ ಕರಗಿ ಮತ್ತೆ ತಿಳಿಯಾಗುತ್ತದೆ.

ರಂಜಕದ ಪೆಂಟಾಕ್ಸೈಡ್ ನೀರಿಗೆ ಬಿದ್ದರೆ ಚುಂಯ್ ಎಂದು ಸದ್ದು ಮಾಡಿ, ಕೊನೆಗೆ ಫಾಸ್ಫಾರಿಕ್ ಆಮ್ಲವಾಗುತ್ತದೆ. ಅದನ್ನು ತಜ್ಞರ ಕೈಗೆ ಬಿಡುವುದು ಲೇಸು.

ಐದನೆಯ ಹಂತ: ನೀರು ಸುಮ್ಮನಿದ್ದಾಗ

ಈ ಲೇಖನದ ನಿಜವಾದ ತಿರುಳು ಈ ಹಂತದಲ್ಲಿದೆ. ತಾಮ್ರದ ಕಪ್ಪು ಆಕ್ಸೈಡ್, ಕಬ್ಬಿಣದ ಕೆಂಪು ಆಕ್ಸೈಡ್, ಸತುವಿನ ಆಕ್ಸೈಡ್, ಅಲ್ಯೂಮಿನ (ಅಲ್ಯೂಮಿನಿಯಂ ಆಕ್ಸೈಡ್), ಸಿಲಿಕ (ಶುದ್ಧ ಮರಳು, ಸಿಲಿಕಾನಿನ ಆಕ್ಸೈಡ್) ಇವೆಲ್ಲ ನೀರಿನಲ್ಲಿ ಕರಗದೆ ಕೂರುತ್ತವೆ, ಲಿಟ್ಮಸ್ ಬದಲಾಗುವುದಿಲ್ಲ. ಹಾಗೆಂದು ಇವನ್ನು ತಟಸ್ಥವೆಂದು ಬರೆದುಬಿಟ್ಟರೆ ಅದು ತಪ್ಪು. ನೀರು ಉತ್ತರ ಕೊಡದಿದ್ದಾಗ ಅದೇ ಪ್ರಶ್ನೆಯನ್ನು ಆಮ್ಲಕ್ಕೂ ಕ್ಷಾರಕ್ಕೂ ಕೇಳಬೇಕು.

ಪ್ರತಿಯೊಂದು ಪುಡಿಯನ್ನೂ ಎರಡು ಪ್ರನಾಳಗಳಲ್ಲಿ ಚಿಟಿಕೆಯಷ್ಟು ತೆಗೆದುಕೊಂಡು, ಒಂದಕ್ಕೆ ಸಾರರಿಕ್ತ ಆಮ್ಲವನ್ನೂ ಇನ್ನೊಂದಕ್ಕೆ ಸೋಡಿಯಂ ಹೈಡ್ರಾಕ್ಸೈಡ್ ದ್ರಾವಣವನ್ನೂ ಹಾಕಿ ಬೆಚ್ಚಗೆ ಮಾಡಿ. ತಾಮ್ರದ ಆಕ್ಸೈಡ್ ಸಲ್ಫ್ಯೂರಿಕ್ ಆಮ್ಲದಲ್ಲಿ ಕರಗಿ ದ್ರಾವಣ ನೀಲಿಯಾಗುತ್ತದೆ, ಕ್ಷಾರದಲ್ಲಿ ಕದಲುವುದಿಲ್ಲ. ಆದ್ದರಿಂದ ಅದು ಪ್ರತ್ಯಾಮ್ಲೀಯ. ಪ್ರತ್ಯಾಮ್ಲ ಮತ್ತು ಕ್ಷಾರ ಎಂಬ ಎರಡು ಪದಗಳು ಬೇಕಾಗಿರುವುದೇ ಇದಕ್ಕಾಗಿ: ನೀರಿನಲ್ಲಿ ಕರಗುವ ಪ್ರತ್ಯಾಮ್ಲವನ್ನಷ್ಟೇ ಕ್ಷಾರ ಎನ್ನುತ್ತೇವೆ. ಸತುವಿನ ಆಕ್ಸೈಡ್ ಆಮ್ಲದಲ್ಲಿ ಸತುವಿನ ಲವಣವಾಗಿ, ಕ್ಷಾರದಲ್ಲಿ ಜಿಂಕೇಟ್ ಆಗಿ ಎರಡರಲ್ಲಿಯೂ ಕರಗುವುದರಿಂದ ಉಭಯಧರ್ಮಿ.

ಅಲ್ಯೂಮಿನ ಮಾತ್ರ ಇಲ್ಲಿ ಕೈಕೊಡುತ್ತದೆ. ಹೆಚ್ಚು ಉಷ್ಣತೆಯಲ್ಲಿ ಕಾಯಿಸಿದ ಅಲ್ಯೂಮಿನ ಆಮ್ಲಕ್ಕೂ ಕ್ಷಾರಕ್ಕೂ ಸುಲಭವಾಗಿ ಬಗ್ಗುವುದಿಲ್ಲ, ಮತ್ತು ಶೀಶೆಯಲ್ಲಿ ಸಿಗುವುದು ಸಾಮಾನ್ಯವಾಗಿ ಅಂಥದೇ. ಅದರ ಬದಲು ಅಲ್ಯೂಮಿನಿಯಂ ಸಲ್ಫೇಟಿನ ದ್ರಾವಣಕ್ಕೆ ಸೋಡಿಯಂ ಹೈಡ್ರಾಕ್ಸೈಡನ್ನು ಹನಿಹನಿಯಾಗಿ ಬಿಟ್ಟರೆ ಬಿಳಿಯ ಲೋಳೆಯಂಥ ಹೈಡ್ರಾಕ್ಸೈಡ್ ಪ್ರಕ್ಷೇಪವಾಗುತ್ತದೆ; ಅದನ್ನು ಎರಡು ಪಾಲು ಮಾಡಿ ಒಂದಕ್ಕೆ ಆಮ್ಲ, ಇನ್ನೊಂದಕ್ಕೆ ಮತ್ತಷ್ಟು ಕ್ಷಾರ ಹಾಕಿದರೆ ಎರಡೂ ತಿಳಿಯಾಗುತ್ತವೆ. ಅಲ್ಯೂಮಿನಿಯಂ ಉದ್ಯಮ ನಿಂತಿರುವುದು ಇದೇ ಗುಣದ ಮೇಲೆ. 1888ರಲ್ಲಿ ರಸಾಯನತಜ್ಞ ಬಾಯರ್ ರೂಪಿಸಿದ ವಿಧಾನದಲ್ಲಿ ಬಾಕ್ಸೈಟ್ ಅದಿರನ್ನು ಬಿಸಿಯಾದ ಸೋಡಿಯಂ ಹೈಡ್ರಾಕ್ಸೈಡ್ ದ್ರಾವಣದಲ್ಲಿ ಬೇಯಿಸಿದಾಗ ಉಭಯಧರ್ಮಿ ಅಲ್ಯೂಮಿನ ಕರಗುತ್ತದೆ, ಪ್ರತ್ಯಾಮ್ಲೀಯವಾದ ಕಬ್ಬಿಣದ ಆಕ್ಸೈಡ್ ಕೆಂಪು ಕೆಸರಾಗಿ ಉಳಿಯುತ್ತದೆ.

ಸಿಲಿಕ ಅಲೋಹ ವರ್ಗದ ಹಟಮಾರಿ. ಅದರ ಪ್ರತಿಯೊಂದು ಸಿಲಿಕಾನ್ ಪರಮಾಣು ನಾಲ್ಕು ಆಕ್ಸಿಜನ್ನುಗಳ ಮೂಲಕ ನೆರೆಯವಕ್ಕೆ ಹೆಣೆದುಕೊಂಡು ದೈತ್ಯ ಜಾಲವೊಂದು ಆಗಿರುವುದರಿಂದ ನೀರು ಅದನ್ನು ಬಿಡಿಸಲಾರದು. ಆದರೆ ಬಿಸಿಯಾದ ಪ್ರಬಲ ಕ್ಷಾರಕ್ಕೆ ಅದು ಸೋತು ಸಿಲಿಕೇಟ್ ಆಗುತ್ತದೆ; ಊದುಕುಲುಮೆಯಲ್ಲಿ ಕ್ಯಾಲ್ಸಿಯಂ ಆಕ್ಸೈಡಿನೊಡನೆ ಕೂಡಿ ಕಿಟ್ಟವಾಗಿ ಹರಿಯುತ್ತದೆ. ಅಲ್ಲಿ ಒಂದು ಹನಿ ನೀರಿಲ್ಲ, ಆದರೂ ಅದು ಆಮ್ಲ–ಪ್ರತ್ಯಾಮ್ಲ ಕ್ರಿಯೆಯೇ.

ನಿಜಕ್ಕೂ ತಟಸ್ಥವೆನ್ನಬಹುದಾದವು ಬೆರಳೆಣಿಕೆಯಷ್ಟು: ಕಾರ್ಬನ್ ಮೊನಾಕ್ಸೈಡ್, ನೈಟ್ರಿಕ್ ಆಕ್ಸೈಡ್, ನೈಟ್ರಸ್ ಆಕ್ಸೈಡ್. ನೈಟ್ರಿಕ್ ಆಕ್ಸೈಡಿಗೆ ಗಾಳಿ ತಗುಲಿದ ಕೂಡಲೇ ಕಂದು ಡೈಆಕ್ಸೈಡಾಗಿ ಆಮ್ಲ ತೋರಿಸುವುದರಿಂದ ಅದರ ತಟಸ್ಥತೆಯನ್ನು ತೆರೆದ ಪಾತ್ರೆಯಲ್ಲಿ ಕಾಣಲಾಗದು. ಕಾರ್ಬನ್ ಮೊನಾಕ್ಸೈಡ್ ವಿಷಾನಿಲ, ಅದನ್ನು ತಯಾರಿಸಲು ಹೋಗಲೇಬಾರದು.

ಲೋಹವೆಂದ ಮಾತ್ರಕ್ಕೆ ಪ್ರತ್ಯಾಮ್ಲ ಎನ್ನುವಂತೆಯೂ ಇಲ್ಲ. ಕ್ರೋಮಿಯಂ +2ರಲ್ಲಿ ಪ್ರತ್ಯಾಮ್ಲೀಯ, +3ರಲ್ಲಿ ಉಭಯಧರ್ಮಿ, +6ರಲ್ಲಿ ನೀರಿನಲ್ಲಿ ಕರಗಿ ಕ್ರೋಮಿಕ್ ಆಮ್ಲ ಕೊಡುವಷ್ಟು ಆಮ್ಲೀಯ. ಉತ್ಕರ್ಷಣ ಸಂಖ್ಯೆ ಏರಿದಂತೆ ಲೋಹದ ಪರಮಾಣುವೂ ಎಲೆಕ್ಟ್ರಾನುಗಳನ್ನು ಗಟ್ಟಿಯಾಗಿ ಎಳೆಯತೊಡಗುತ್ತದೆ, ಮೊದಲು ಹೇಳಿದ ಸರಪಳಿ ಆಚೆ ತುದಿಯಲ್ಲಿ ತುಂಡಾಗುತ್ತದೆ.

ಆರನೆಯ ಹಂತ: ಚೀಟಿ ಕಳೆದುಕೊಂಡ ಐದು ಶೀಶೆಗಳು

ಕಲಿತದ್ದನ್ನು ಒರೆಗೆ ಹಚ್ಚಲು ಕ್ಯಾಲ್ಸಿಯಂ ಆಕ್ಸೈಡ್, ಮೆಗ್ನೀಸಿಯಂ ಆಕ್ಸೈಡ್, ಸತುವಿನ ಆಕ್ಸೈಡ್, ಸಿಲಿಕ, ರಂಜಕದ ಪೆಂಟಾಕ್ಸೈಡ್ ಎಂಬ ಐದು ಬಿಳಿಯ ಪುಡಿಗಳು ಗುರುತಿನ ಚೀಟಿ ಕಳಚಿದ ಶೀಶೆಗಳಲ್ಲಿವೆ ಎಂದಿಟ್ಟುಕೊಳ್ಳಿ. ಒಂದೊಂದರಿಂದ ಚಿಟಿಕೆಗಿಂತ ಕಡಿಮೆ ಪುಡಿಯನ್ನು ಸಾರ್ವತ್ರಿಕ ಸೂಚಕ ಬೆರೆತ, ಧಾರಾಳವಾದ ನೀರಿಗೆ ಉದುರಿಸಬೇಕು. ಏನೆಂದು ತಿಳಿಯದ ಪುಡಿಯ ಮೇಲೆ ನೀರು ಸುರಿಯಬಾರದು. ಸದ್ದು ಮಾಡಿ ಕೆಂಪಾಗಿಸಿದ್ದು ರಂಜಕದ್ದು, ಕಡುನೇರಳೆ ಕೊಟ್ಟಿದ್ದು ಕ್ಯಾಲ್ಸಿಯಂನದು, ತಡವಾಗಿ ನೀಲಿಯತ್ತ ಹೊರಳಿದ್ದು ಮೆಗ್ನೀಸಿಯಂನದು. ಬಣ್ಣ ಬದಲಿಸದ ಎರಡರಲ್ಲಿ ಸಾರರಿಕ್ತ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಕರಗಿದ್ದು ಸತುವಿನದು. ಅದರ ಒಣಪುಡಿಯನ್ನು ಕಾಯಿಸಿದರೆ ಹಳದಿಯಾಗಿ, ಆರಿದಾಗ ಮತ್ತೆ ಬಿಳಿಯಾಗುವುದು ಎರಡನೆಯ ಸಾಕ್ಷಿ. ಯಾವುದಕ್ಕೂ ಜಗ್ಗದೆ ಉಳಿದದ್ದು ಸಿಲಿಕ. ಹೆಚ್ಚು ಕಾಯಿಸಿದ ಅಲ್ಯೂಮಿನದ ಆರನೆಯ ಶೀಶೆಯೊಂದು ಸೇರಿಕೊಂಡಿದ್ದರೆ ಅದೂ ಸಿಲಿಕದ ಪಕ್ಕದಲ್ಲಿಯೇ ಹೀಗೆ ಜಗ್ಗದೆ ಕೂರುತ್ತದೆ. ಆ ಎರಡನ್ನು ಬೇರ್ಪಡಿಸಲು ಪ್ರನಾಳ ಮತ್ತು ಸೂಚಕಗಳಷ್ಟೇ ಸಾಲವು.